ಕಣಜ, ಕೊಟ್ಟಿಗೆ ಮತ್ತು ಮನೆತನದ ಮಾನ

ಒಂದು ಮನೆತನದ ಹಿರಿಮೆಯನ್ನು ಅಳೆಯುವುದಕ್ಕೆ ಇಂದು ನಮ್ಮಲ್ಲಿ ಹಲವು ಅಳತೆಗೋಲುಗಳಿವೆ. ಮಕ್ಕಳ ಪದವಿ, ಅವರ ಉದ್ಯೋಗ, ಪಟ್ಟಣದಲ್ಲಿ ಕಟ್ಟಿಸಿದ ತಾರಸಿ ಮನೆ, ಅದರ ಮುಂದೆ ನಿಂತ ವಾಹನ ಇವೆಲ್ಲವೂ ಎಣಿಕೆಗೆ ಬರುತ್ತವೆ. ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದಲ್ಲಿ ಅಳತೆ ಬೇರೆಯಾಗಿತ್ತು. ಹೆಣ್ಣು ಕೊಡಲೆಂದು ಬಂದ ಬೀಗರು ಪಡಸಾಲೆಯಲ್ಲಿ ಕುಳಿತು ಬೆಲ್ಲ, ನೀರು ಸ್ವೀಕರಿಸಿದ ಮೇಲೆ ಮಾತನಾಡುತ್ತಲೇ ಮೆಲ್ಲಗೆ ಎದ್ದು ಹಿತ್ತಲ ಕಡೆಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಕೊಟ್ಟಿಗೆಯಲ್ಲಿ ಎಷ್ಟು ಜೊತೆ ಎತ್ತುಗಳಿವೆ, ಅವುಗಳ ಮೈಕಟ್ಟು ಹೇಗಿದೆ, ಬಣವೆಗಳು ಎಷ್ಟು, ತಿಪ್ಪೆ ಎಷ್ಟು ದೊಡ್ಡದು ಎಂಬುದನ್ನು ಕಂಡರೆ ಅವರಿಗೆ ಸಾಕಾಗುತ್ತಿತ್ತು. ದನಕರುಗಳಿಗೆ ಹೊಟ್ಟೆ ತುಂಬ ಮೇವು ಇರುವ ಮನೆಯಲ್ಲಿ ಮಗಳು ಹಸಿಯಲಾರಳು ಎಂಬ ನಂಬಿಕೆ ಅವರದು.

ಆ ಕೊಟ್ಟಿಗೆಗಳು, ಕಣಜಗಳು, ಹಗೇವುಗಳು ಈಗ ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಉಳಿದಿರುವ ಕೆಲವನ್ನಾದರೂ ಹೇಗೆ ನೋಡಬೇಕು, ಏನೆಂದು ತಿಳಿಯಬೇಕು, ಮುಂದಿನವರಿಗೆ ಹೇಗೆ ಒಪ್ಪಿಸಬೇಕು ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನದಿಸೀಮೆಯ ಒಕ್ಕಲುತನ

ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ತುಂಗೆ, ಭದ್ರೆಯರು ಒಂದಾಗಿ ತುಂಗಭದ್ರೆಯಾಗಿ ಉತ್ತರಾಭಿಮುಖವಾಗಿ ಹೊನ್ನಾಳಿಯತ್ತ ಸಾಗುತ್ತಾರೆ. ಈ ನದಿಸೀಮೆಯಲ್ಲಿಯೇ ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಸ್ವೆಹಳ್ಳಿ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಈಗ ನ್ಯಾಮತಿಯೂ ಪ್ರತ್ಯೇಕ ತಾಲ್ಲೂಕಾಗಿದೆ. ಆಡಳಿತದ ಗಡಿಗಳು ಬದಲಾದರೂ ಒಕ್ಕಲುತನದ ನಂಟು, ಬೀಗತನದ ನಂಟು ಈ ನಾಲ್ಕು ತಾಲ್ಲೂಕುಗಳನ್ನು ಹಿಂದಿನಿಂದಲೂ ಬೆಸೆದಿದೆ.

ಈ ಸೀಮೆಯಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಊರುಗಳಿಗೆ ಮರಮುಟ್ಟು ಸುಲಭವಾಗಿ ಸಿಗುತ್ತಿದ್ದುದರಿಂದ ಅಲ್ಲಿ ಹಲಗೆಯ ಕಣಜಗಳು, ಹೆಂಚಿನ ಮಾಡುಗಳು ಬೆಳೆದುಬಂದವು. ಬಯಲಿನ ಜಗಳೂರಿನ ಕಡೆ ಮಳೆಯೂ ಮರವೂ ಕಡಿಮೆ. ಅಲ್ಲಿಯ ರೈತರು ತಮ್ಮ ಜೋಳ, ರಾಗಿಗಳನ್ನು ಭೂಮಿಯ ಒಡಲಿಗೇ ಒಪ್ಪಿಸುವ ಹಗೇವುಗಳನ್ನು ನೆಚ್ಚಿಕೊಂಡರು. ನಡುವಿನ ಸಾಸ್ವೆಹಳ್ಳಿಯಂಥ ಕಡೆ ಎರಡು ಪದ್ಧತಿಗಳೂ ಕೂಡಿಬಂದವು. ಊರಿನ ಕಟ್ಟಡಗಳನ್ನು ನೋಡಿಯೇ ಅಲ್ಲಿಯ ಮಳೆ, ಮಣ್ಣು, ಬೆಳೆಗಳನ್ನು ಊಹಿಸಬಹುದಾಗಿತ್ತು.

ಕೊಟ್ಟಿಗೆ, ಅಟ್ಟ, ಕಣಜ, ಹಗೇವು

ಹಳೆಯ ಒಕ್ಕಲು ಮನೆಯ ಹೆಬ್ಬಾಗಿಲು ಆಳೆತ್ತರದ್ದಾಗಿರುವುದಕ್ಕೆ ಆಡಂಬರ ಕಾರಣವಲ್ಲ. ಅನೇಕ ಮನೆಗಳಲ್ಲಿ ಮನುಷ್ಯರೂ ಎತ್ತುಗಳೂ ಒಂದೇ ಬಾಗಿಲಿನಿಂದ ಒಳಬರುತ್ತಿದ್ದರು. ಕೆಳಗಿನ ನೆಲದಲ್ಲಿ ದನಗಳ ಸಾಲು, ಒಂದು ಮೆಟ್ಟಿಲು ಮೇಲೆ ಜನರು ಇರುವ ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರಮನೆ. ರಾತ್ರಿ ದನವೊಂದು ಕೆಮ್ಮಿದರೂ ಪಡಸಾಲೆಯಲ್ಲಿ ಮಲಗಿದ ಯಜಮಾನನಿಗೆ ಎಚ್ಚರವಾಗುತ್ತಿತ್ತು. ಒಕ್ಕಲುತನ ಹೆಚ್ಚಿದ ಮನೆಗಳಲ್ಲಿ ಕೊಟ್ಟಿಗೆ ಪ್ರತ್ಯೇಕವಾಯಿತು. ಕಲ್ಲು, ಮಣ್ಣಿನ ದಪ್ಪ ಗೋಡೆ, ಹೊನ್ನೆ, ಮತ್ತಿ, ಸಾಗುವಾನಿಯ ಕಂಬ ಮತ್ತು ತೊಲೆಗಳು, ಉದ್ದಕ್ಕೂ ಗೋದಲಿ, ಗಂಜಲ ಹರಿದುಹೋಗಲು ಓರೆಯಾದ ಕಲ್ಲುಹಾಸು, ಮೇಲೆ ಮೇವಿನ ಅಟ್ಟ ಇವು ಅದರ ಅಂಗಗಳು. ಮೊದಲು ಹುಲ್ಲು ಅಥವಾ ನಾಡಹೆಂಚು ಹೊದಿಸಿದ್ದ ಮಾಡುಗಳಿಗೆ ಮುಂದೆ ಮಂಗಳೂರು ಹೆಂಚು ಬಂದಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಘಟ್ಟ ಹತ್ತಿ ನಮ್ಮ ಬಯಲುಸೀಮೆಗೂ ತಲುಪಿತು. ಹಳೆಯ ಹೆಂಚುಗಳ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುವುದುಂಟು. ಕಟ್ಟಡದ ವಯಸ್ಸನ್ನು ಅರಿಯಬಯಸುವವರಿಗೆ ಅದು ಒಂದು ಸುಳಿವು.

ಕಣಜದ ರಚನೆಯೂ ಅಷ್ಟೇ ವಿವೇಕದ್ದು. ಕೆಲವು ಮನೆಗಳಲ್ಲಿ ದಪ್ಪ ಹಲಗೆಗಳ ಒಂದು ಕೋಣೆಯೇ ಕಣಜ. ಬೇರೆಡೆ ಬಿದಿರಿನಿಂದ ಹೆಣೆದು ಸಗಣಿ, ಕೆಮ್ಮಣ್ಣು ಮೆತ್ತಿದ ಎತ್ತರದ ಬುಟ್ಟಿ. ನೆಲದ ತೇವ ತಾಗದಂತೆ ಅದನ್ನು ಕಲ್ಲುಗಳ ಮೇಲೆ ನಿಲ್ಲಿಸುತ್ತಿದ್ದರು. ಕಾಳಿನ ನಡುವೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಬೇಳೆಕಾಳುಗಳಿಗೆ ಬೂದಿ ಅಥವಾ ಕೆಮ್ಮಣ್ಣಿನ ಲೇಪ. ಮುಂದಿನ ಬಿತ್ತನೆಯ ಬೀಜವಂತೂ ಮನೆಯ ಹಿರಿಯ ಅವ್ವನ ಅಧೀನ. ಹೊಲದಲ್ಲಿ ನಿಂತ ಪೈರಿನಲ್ಲಿಯೇ ಒಳ್ಳೆಯ ತೆನೆಗಳನ್ನು ಆರಿಸಿ, ಒಲೆಯ ಹೊಗೆ ತಾಗುವಂತೆ ಜಂತಿಗೆ ತೂಗುಹಾಕಿದರೆ ಬಿತ್ತುವ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮನೆಯಲ್ಲಿ ಎಷ್ಟೇ ತಾಪತ್ರಯವಿದ್ದರೂ ಬೀಜದ ಕಾಳನ್ನು ಬೇಯಿಸಬಾರದು ಎಂಬ ಕಟ್ಟಳೆ ಆಕೆಯದು.

ಹಗೇವಿನ ವಿಷಯ ಇನ್ನೂ ಕುತೂಹಲಕರ. ನೀರು ನಿಲ್ಲದ ಎತ್ತರದ ಜಾಗದಲ್ಲಿ ಕಿರಿದಾದ ಬಾಯಿ, ಅಗಲವಾದ ಒಡಲು ಬರುವಂತೆ ಗುಂಡಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಧಾನ್ಯ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಉಳಿದ ಗಾಳಿಯಲ್ಲಿನ ಆಮ್ಲಜನಕವನ್ನು ಕಾಳು ಮತ್ತು ಹುಳುಗಳ ಉಸಿರಾಟವೇ ಬಳಸಿ ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳುಗಳು ಉಳಿಯುವುದಿಲ್ಲ. ಇಂದು ವಿಜ್ಞಾನಿಗಳು ಗಾಳಿಯಾಡದ ಚೀಲಗಳಲ್ಲಿ ಧಾನ್ಯ ಸಂಗ್ರಹಿಸಲು ಹೇಳುವುದೂ ಇದೇ ತತ್ತ್ವದ ಮೇಲೆ. ಕಿರುಕಾಳಾದ ರಾಗಿಗೆ ಹುಳುವಿನ ಬಾಧೆಯೇ ಕಡಿಮೆ. ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹುಳುಗಳನ್ನು ಕೊಲ್ಲುವ ಆ ಗಾಳಿ ಮನುಷ್ಯನಿಗೂ ಮಾರಕ. ಆದ್ದರಿಂದ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಪರೀಕ್ಷಿಸಿದ ಮೇಲಲ್ಲದೆ ತಿಳಿದವರು ಒಳಗೆ ಇಳಿಯುತ್ತಿರಲಿಲ್ಲ. ಈಗಲೂ ಹಳೆಯ ಹಗೇವು ಕಂಡಾಗ ಮಕ್ಕಳು ಕುತೂಹಲದಿಂದ ಇಳಿಯದಂತೆ ಹಿರಿಯರು ಎಚ್ಚರ ವಹಿಸಬೇಕು.

ಕಣದ ಧರ್ಮ

ಈ ಎಲ್ಲಕ್ಕೂ ಮೂಲ ಕಣ. ಸುಗ್ಗಿಗೆ ಮುನ್ನ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಕಂಬ ನೆಡುತ್ತಿದ್ದರು. ತೆನೆಗಳ ಮೇಲೆ ಎತ್ತುಗಳು ಸುತ್ತುತ್ತಿದ್ದವು, ರೋಣಗಲ್ಲು ಉರುಳುತ್ತಿತ್ತು. ಬೆಳದಿಂಗಳಲ್ಲಿ ಹಂತಿಯ ಹಾಡುಗಳು ಕೇಳುತ್ತಿದ್ದವು. ಗಾಳಿಗೆ ತೂರಿ ರಾಶಿ ಮಾಡಿದ ಮೇಲೆ ಪೂಜೆ. ಬಳಿಕ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ವಾಡಿಕೆ.

ಆ ರಾಶಿ ನೇರವಾಗಿ ಮನೆ ಸೇರುತ್ತಿರಲಿಲ್ಲ. ನೇಗಿಲು, ಗಾಡಿ ಕಟ್ಟಿಕೊಟ್ಟ ಬಡಗಿ, ಕುಳ ಹರಿತ ಮಾಡಿದ ಕಮ್ಮಾರ, ಮಡಿವಾಳ, ಕ್ಷೌರಿಕ, ಕುಂಬಾರ ಮುಂತಾದ ಆಯಗಾರರ ಪಾಲು ಕಣದಲ್ಲಿಯೇ ಸಲ್ಲಬೇಕು. ಜಂಗಮರಿಗೆ, ಊರ ದೇವರಿಗೆ, ಮಠಕ್ಕೆ ಎತ್ತಿಟ್ಟ ಪಾಲು ಬೇರೆ. ಕಣಕ್ಕೆ ಬಂದವರು ಬರಿಗೈಯಲ್ಲಿ ಹೋಗಬಾರದು ಎಂಬುದು ನಿಯಮ. ದುಡಿದು ಗಳಿಸಿದುದನ್ನು ಸಮಾಜಕ್ಕೆ ಸಲ್ಲಿಸಿ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ಶರಣರ ಕಾಯಕ, ದಾಸೋಹಗಳ ತತ್ತ್ವವನ್ನು ಓದು ಬಾರದ ರೈತನೂ ಕಣದಲ್ಲಿ ಆಚರಣೆಯಾಗಿ ಕಲಿಯುತ್ತಿದ್ದನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬೇಸಾಯವನ್ನೇ ಕಾಯಕವಾಗಿಸಿಕೊಂಡ ಒಕ್ಕಲಿಗ ಮುದ್ದಣ್ಣನೂ, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳೂ ಇದ್ದರೆಂಬುದನ್ನು ನಾವು ಬಲ್ಲೆವು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ಲಕ್ಕಮ್ಮ ಪ್ರಶ್ನಿಸಿದ ಪ್ರಸಂಗ, ಕಣಜ ತುಂಬಿರುವ ಪ್ರತಿಯೊಂದು ಮನೆಯೂ ನೆನೆಯಬೇಕಾದುದು.

ಕಣಜದ ಧಾನ್ಯ ವಿದ್ಯೆಯಾಗಿ ಪರಿವರ್ತನೆಗೊಂಡ ಉದಾಹರಣೆಗಳೂ ನಮ್ಮ ನಾಡಿನಲ್ಲಿವೆ. ಬೆಳಗಾವಿ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ಆ ವಾಡೆಯ ಹೊಲಗಳ ಆದಾಯದಿಂದ ಓದಿದವರು ನಾಡಿನ ಅನೇಕ ಕ್ಷೇತ್ರಗಳಲ್ಲಿ ಬೆಳಗಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ನಡೆಸಿದ ನಿತ್ಯ ದಾಸೋಹದ ಬೆನ್ನಿಗೆ ನಿಂತುದೂ ರೈತ ಭಕ್ತರ ಕಣಗಳಿಂದ ಬಂದ ರಾಗಿ, ಭತ್ತಗಳೇ.

ಬೆವರಿನ ಲೆಕ್ಕ

ಅಭಿಮಾನದ ಮಾತಿನ ನಡುವೆ ಒಂದು ಸತ್ಯವನ್ನು ಮರೆಮಾಚುವುದು ಧರ್ಮವಲ್ಲ. ದೊಡ್ಡ ಕಣಜಗಳೆಲ್ಲ ಆ ಮನೆಯವರ ಬೆವರಿನಿಂದಲೇ ತುಂಬಿದವುಗಳಲ್ಲ. ಗೇಣಿದಾರರ ದುಡಿಮೆ, ಜೀತದಾಳುಗಳ ದುಡಿಮೆ, ಹೆಣ್ಣುಮಕ್ಕಳ ಲೆಕ್ಕಕ್ಕೆ ಬಾರದ ದುಡಿಮೆ ಅವುಗಳಲ್ಲಿ ಸೇರಿದ್ದವು. 1974ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು ಉಳುವವನನ್ನು ಭೂಮಿಯ ಒಡೆಯನನ್ನಾಗಿಸಿತು. 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದಿತು. ನಮ್ಮ ಕೆಲವು ಮನೆಗಳು ಅಂದು ಭೂಮಿ ಕಳೆದುಕೊಂಡು ನೊಂದವು. ನಮ್ಮದೇ ಬಂಧುಗಳಾದ ಅನೇಕ ಬಡ ಗೇಣಿದಾರರು ಭೂಮಿ ಪಡೆದು ತಲೆಯೆತ್ತಿದರು. ಕಾಯಕದ ಘನತೆಯನ್ನು ಸಾರಿದ ಪರಂಪರೆಗೆ ಸೇರಿದ ನಾವು, ಹಳೆಯ ಕೊಟ್ಟಿಗೆಯ ಕಂಬವನ್ನು ಮುಟ್ಟಿ ಹೆಮ್ಮೆಪಡುವಾಗ ಆ ಕಂಬ ನಿಲ್ಲಿಸಿದ ಕೈಗಳನ್ನೂ ನೆನೆಯಬೇಕು. ಮನೆತನದ ಚರಿತ್ರೆ ಬರೆಯುವವರು ಆಳುಮಕ್ಕಳ ಹೆಸರುಗಳನ್ನೂ ಬರೆದಿಟ್ಟರೆ ಆ ಚರಿತ್ರೆ ಪೂರ್ಣವಾಗುತ್ತದೆ.

ಕಣಜ ಬರಿದಾದ ಬಗೆ

ಈ ಸೀಮೆಯ ಬಾಳನ್ನು ಬದಲಿಸಿದ ದೊಡ್ಡ ಘಟನೆ ಭದ್ರಾ ಜಲಾಶಯ. ಲಕ್ಕವಳ್ಳಿಯ ಬಳಿ 186 ಅಡಿ ಎತ್ತರಕ್ಕೆ ನೀರು ನಿಲ್ಲುವ, ಸುಮಾರು 71.5 ಟಿಎಂಸಿ ಸಾಮರ್ಥ್ಯದ ಈ ಜಲಾಶಯದಿಂದ ನಾಲೆಗಳು ಹರಿದಾಗ ಮಳೆಯನ್ನು ನೆಚ್ಚಿದ್ದ ಹೊಲಗಳು ಗದ್ದೆಗಳಾದವು. ಬಡತನ ತಗ್ಗಿತು, ಮಕ್ಕಳು ಶಾಲೆಗೆ ಹೋದರು. ಆದರೆ ನೀರಿನೊಡನೆ ಬೇಸಾಯದ ರೀತಿಯೂ ಬದಲಾಯಿತು. ನಾಲೆಯ ನೀರು ಇಂಗಿ ನೆಲ ತೇವಗೊಂಡ ಕಡೆ ಹಗೇವುಗಳು ಕೆಲಸಕ್ಕೆ ಬಾರದಾದವು. ಎತ್ತುಗಳ ಜಾಗಕ್ಕೆ ಟ್ರಾಕ್ಟರ್ ಬಂದಿತು. ಭತ್ತ ಕೊಯ್ಯುವ ಯಂತ್ರ ಬಂದ ಮೇಲೆ ಕಣವೇ ಬೇಡವಾಯಿತು. ಗದ್ದೆಯ ಬದುವಿನಿಂದಲೇ ಭತ್ತ ಗಿರಣಿಯ ಲಾರಿ ಏರುತ್ತದೆ. ಬೀಜ ಅಂಗಡಿಯಿಂದ ಬರುತ್ತದೆ. ಮುಸುಕಿನ ಜೋಳ ಒಕ್ಕಣೆಯಾದ ವಾರದಲ್ಲಿಯೇ ಮಾರುಕಟ್ಟೆ ಸೇರುತ್ತದೆ. ಚನ್ನಗಿರಿಯ ಕಡೆಯಿಂದ ಹಬ್ಬಿದ ಅಡಿಕೆ ಈಗ ಸಾಸ್ವೆಹಳ್ಳಿಯ ಸುತ್ತಲಿನ ಗದ್ದೆಗಳಿಗೂ ಕಾಲಿಟ್ಟಿದೆ. ಹಲವು ಹಳೆಯ ಕೊಟ್ಟಿಗೆಗಳು ಅಡಿಕೆ ಸುಲಿಯುವ, ಬೇಯಿಸುವ ಮನೆಗಳಾಗಿವೆ. ಇದನ್ನು ನಾವು ದೂಷಿಸುವುದಿಲ್ಲ. ಬಳಕೆಯಲ್ಲಿರುವ ಮಾಡು ಸೋರದಂತೆ ಯಾರಾದರೂ ನೋಡಿಕೊಳ್ಳುತ್ತಾರೆ.

ಈ ನೀರಿನ ಸಂಪತ್ತು ಶಾಶ್ವತವೆಂದು ಭಾವಿಸಲಾಗದು ಎಂಬ ಪಾಠವೂ ದೊರೆತಿದೆ. 2023ರ ಮಳೆಗಾಲ ಕೈಕೊಟ್ಟಾಗ ಭದ್ರಾ ಜಲಾಶಯ ತುಂಬಲಿಲ್ಲ. ಅಚ್ಚುಕಟ್ಟಿನ ರೈತರು ಬೇಸಿಗೆ ಭತ್ತ ನಾಟಿ ಮಾಡಲಾಗಲಿಲ್ಲ. ಒಂದು ವರ್ಷದ ಧಾನ್ಯ ಮತ್ತು ಮೇವನ್ನು ಮನೆಯಲ್ಲಿಟ್ಟುಕೊಂಡು ಎರಡನೆಯ ವರ್ಷದ ಮಳೆಯನ್ನು ಕಾಯುತ್ತಿದ್ದ ಹಿರಿಯರ ಪದ್ಧತಿಯ ಅರ್ಥ ಇಂಥ ವರ್ಷಗಳಲ್ಲಿ ಹೊಳೆಯುತ್ತದೆ. ಕೆರೆ ತುಂಬಿಸುವ ಸಾಸ್ವೆಹಳ್ಳಿ ಏತ ನೀರಾವರಿಯಂಥ ಯೋಜನೆಗಳು ಎಷ್ಟೇ ಬಂದರೂ, ನದಿಯಲ್ಲಿ ನೀರಿದ್ದಾಗ ಮಾತ್ರ ಅವು ಎತ್ತಬಲ್ಲವು.

ಪಾಲಿನ ದಿನ

ಹಳೆಯ ಕಣಜಗಳಿಗೆ ಮಳೆ, ಗೆದ್ದಲುಗಳಿಗಿಂತ ದೊಡ್ಡ ಗಂಡಾಂತರ ಪಾಲಿನ ದಿನ ಬರುತ್ತದೆ. ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1970–71ರಲ್ಲಿ 3.20 ಹೆಕ್ಟೇರ್ ಇದ್ದುದು 2015–16ರ ವೇಳೆಗೆ 1.36 ಹೆಕ್ಟೇರಿಗೆ ಇಳಿದಿತ್ತು. ಧಾರವಾಡ ಜಿಲ್ಲೆಯ ಲೋಕೂರಿನ ನರಸಿಂಗನವರ ಮನೆತನದಂತೆ ನೂರಕ್ಕೂ ಹೆಚ್ಚು ಮಂದಿ ಒಟ್ಟಾಗಿ ಬಾಳಿ ನಾಡಿಗೆ ಹೆಸರಾದ ಕೂಡು ಕುಟುಂಬಗಳು ಬೆರಳೆಣಿಕೆಯವು. ಪಾಲು ಅನಿವಾರ್ಯ, ಅದು ಪಾಪವೂ ಅಲ್ಲ. 1994ರ ಕರ್ನಾಟಕ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಗಳಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕು ಬಂದುದು ನ್ಯಾಯವೇ ಆಗಿದೆ. ಆ ಹಕ್ಕನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತಷ್ಟು ಸ್ಪಷ್ಟಪಡಿಸಿತು.

ತೊಡಕು ಇರುವುದು ಬೇರೆ ಕಡೆ. ಹೊಲವನ್ನು ಗುಂಟೆಯ ಲೆಕ್ಕದಲ್ಲಿ ಹಂಚಬಹುದು, ಬಂಗಾರವನ್ನು ತೂಗಿ ಹಂಚಬಹುದು. ಕೊಟ್ಟಿಗೆಯನ್ನು ನಾಲ್ಕು ತುಂಡು ಮಾಡಲಾಗದು. ಆಗ ಅಣ್ಣತಮ್ಮಂದಿರು ನಡುವೆ ಗೋಡೆ ಎತ್ತುತ್ತಾರೆ, ಇಲ್ಲವೆ ಕೆಡವಿ ಮರಮುಟ್ಟನ್ನು ಮಾರಿ ಹಣ ಹಂಚಿಕೊಳ್ಳುತ್ತಾರೆ. ಹಳೆಯ ಕಂಬ, ಕೆತ್ತನೆಯ ಬಾಗಿಲುಗಳಿಗೆ ನಗರಗಳ ಹೋಟೆಲು, ರೆಸಾರ್ಟುಗಳಲ್ಲಿ ಒಳ್ಳೆಯ ಬೆಲೆಯಿದೆ. ಮುತ್ತಜ್ಜ ನಿಲ್ಲಿಸಿದ ಕಂಬ ಯಾವುದೋ ಊಟದ ಕೋಣೆಯ ಅಲಂಕಾರವಾಗುತ್ತದೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧ ತೆರವಾಗಿರುವುದರಿಂದ, ಹೋಳಾದ ಭೂಮಿ ಮನೆತನದ ಕೈಬಿಡುವುದು ಹಿಂದಿಗಿಂತ ಸುಲಭವಾಗಿದೆ.

ಬೇರೆ ನಾಡುಗಳಲ್ಲಿಯೂ ಈ ಚಿಂತೆ ಉಂಟು. ಇಂಗ್ಲೆಂಡಿನ ಗ್ರೇಟ್ ಕಾಕ್ಸ್‌ವೆಲ್ ಎಂಬಲ್ಲಿ ಕ್ರೈಸ್ತ ಸಂನ್ಯಾಸಿಗಳು ಸುಮಾರು ಏಳು ಶತಮಾನಗಳ ಹಿಂದೆ ಕಟ್ಟಿಸಿದ ಧಾನ್ಯದ ಕಣಜವೊಂದನ್ನು ನ್ಯಾಷನಲ್ ಟ್ರಸ್ಟ್ ಇಂದಿಗೂ ಜೋಪಾನ ಮಾಡಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ನೂರು ವರ್ಷ ಒಂದೇ ಕುಟುಂಬದ ಕೈಯಲ್ಲಿ ಉಳಿದ ಜಮೀನಿಗೆ ಶತಮಾನದ ಜಮೀನೆಂಬ ಮನ್ನಣೆ ನೀಡಿ ಫಲಕ ಹಾಕುತ್ತಾರೆ. ನಮ್ಮಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಜರ ತೊಟ್ಟಿಮನೆ, ಅಲ್ಲಿಯ ಬೇಸಾಯದ ಸಲಕರಣೆಗಳ ಸಮೇತ ಸ್ಮಾರಕವಾಗಿ ಉಳಿದಿದೆ. ಅದನ್ನು ಕಂಡವರು ಒಂದು ಒಕ್ಕಲು ಮನೆಯ ಗಾತ್ರ, ಗಾಂಭೀರ್ಯಗಳನ್ನು ಅರಿಯುತ್ತಾರೆ. ಆದರೆ ಎಲ್ಲ ಮನೆಗಳೂ ಸ್ಮಾರಕಗಳಾಗಲಾರವು. ನಮ್ಮ ಕೊಟ್ಟಿಗೆ, ಕಣಜಗಳನ್ನು ನಾವೇ ಬಳಕೆಯಲ್ಲಿಟ್ಟು ಉಳಿಸಿಕೊಳ್ಳಬೇಕಾಗಿದೆ.

ನಾವು ಮಾಡಬಹುದಾದುದು

ಮೊದಲನೆಯದಾಗಿ, ಪಾಲು ಮಾಡುವಾಗ ಕಣ, ಕೊಟ್ಟಿಗೆ, ಬಾವಿ ಮತ್ತು ಅವುಗಳಿಗೆ ಹೋಗುವ ದಾರಿಯನ್ನು ಎಲ್ಲರ ಜಂಟಿ ಸ್ವತ್ತಾಗಿ ಉಳಿಸಿಕೊಳ್ಳಲು ಸಾಧ್ಯವಿದೆ. ವಿಭಾಗಪತ್ರದಲ್ಲಿ ಹೆಣ್ಣುಮಕ್ಕಳನ್ನೂ ಸೇರಿಸಿ, ದುರಸ್ತಿಯ ಖರ್ಚನ್ನು ಯಾರು ಎಷ್ಟು ಭರಿಸಬೇಕೆಂಬುದನ್ನು ಬರೆದು ನೋಂದಾಯಿಸಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರದು. ಹಿರಿಯರು ಬದುಕಿರುವಾಗಲೇ ಇದು ಆಗುವುದು ಲೇಸು. ಅವರ ಎದುರಿನಲ್ಲಿ ಬಿಟ್ಟುಕೊಡುವ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ.

ಎರಡನೆಯದಾಗಿ, ಪ್ರತಿ ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಬೇಕು. ಮರದ ಕಟ್ಟಡಗಳು ಸಾಮಾನ್ಯವಾಗಿ ಒಂದು ಸೋರುವ ಹೆಂಚಿನಿಂದಲೇ ಹಾಳಾಗತೊಡಗುತ್ತವೆ. ನೀರು ಇಳಿದ ತೊಲೆಗೆ ಗೆದ್ದಲು ಹತ್ತುತ್ತದೆ, ತೊಲೆ ಕುಸಿದರೆ ಗೋಡೆ ನೆನೆಯುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಸಡಿಲವಾಗುತ್ತದೆ. ಅದಕ್ಕೆ ಮಣ್ಣು ಅಥವಾ ಸುಣ್ಣದ ಗಾರೆಯೇ ತಕ್ಕುದು.

ಮೂರನೆಯದಾಗಿ, ಕಣಜದ ಒಂದು ಮೂಲೆಯಲ್ಲಾದರೂ ಮನೆಯ ಬೀಜ ಇರಲಿ. ಮನೆಯಲ್ಲಿ ಹಿಂದಿನಿಂದ ಬೆಳೆದುಕೊಂಡು ಬಂದ ಅವರೆ, ತೊಗರಿ, ರಾಗಿ, ನವಣೆ ಯಾವುದಾದರೂ ಸರಿ. ಮನೆಯಲ್ಲಿ ಒಂದೆರಡು ಹಸುಗಳಿದ್ದರೆ ಕೊಟ್ಟಿಗೆ ಕೊಟ್ಟಿಗೆಯಾಗಿಯೇ ಉಳಿಯುತ್ತದೆ, ತೋಟಕ್ಕೆ ಗೊಬ್ಬರವೂ ಒದಗುತ್ತದೆ. ದೀಪಾವಳಿಯಲ್ಲಿ ಸಗಣಿಯಿಂದ ಹಟ್ಟಿ ಲಕ್ಕವ್ವನನ್ನು ಮಾಡಿ ಪೂಜಿಸುವ ಮನೆಯಲ್ಲಿ ಆ ಸಗಣಿಯನ್ನು ನೆರೆಮನೆಯಿಂದ ಬೇಡಿ ತರುವ ಸ್ಥಿತಿ ಬರಬಾರದು.

ನಾಲ್ಕನೆಯದಾಗಿ, ಮನೆತನದ ದಾಖಲೆ. ಹಳೆಯ ಪಹಣಿ, ಕಂದಾಯದ ರಸೀದಿ, ಲೆಕ್ಕದ ಪುಸ್ತಕಗಳನ್ನು ಒಂದೆಡೆ ಜೋಡಿಸಿ, ಕಟ್ಟಡದ ಅಳತೆ ತೆಗೆದು, ಯಾವ ಭಾಗವನ್ನು ಯಾರು ಕಟ್ಟಿಸಿದರೆಂದು ಹಿರಿಯರನ್ನು ಕೇಳಿ ಬರೆದಿಡುವ ಕೆಲಸವನ್ನು ರಜೆಗೆ ಬರುವ ಮಕ್ಕಳಿಗೆ ಒಪ್ಪಿಸಬಹುದು. ಬೆಂಗಳೂರಿನಲ್ಲಿಯೂ ಹೊರದೇಶದಲ್ಲಿಯೂ ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಊರಿನ ಮೇಲೆ ಮಮತೆ ಇಲ್ಲವೆಂದು ನಾವು ದೂರುತ್ತೇವೆ. ಕಣಜದ ಬಾಗಿಲನ್ನು ನಾವು ಅವರಿಗೆ ಎಂದಾದರೂ ತೆರೆದು ತೋರಿಸಿದ್ದೇವೆಯೇ ಎಂದು ಕೇಳಿಕೊಳ್ಳುವುದೂ ಅಗತ್ಯ. ಹಗೇವು ಎಂಬ ಪದ ತಿಳಿಯದ ಮಗುವಿಗೆ ಹಗೇವನ್ನು ಉಳಿಸೆಂದು ಹೇಳುವುದು ಹೇಗೆ?

ಕೊನೆಯದಾಗಿ, ಸುಗ್ಗಿಯ ಮೊದಲ ಪಾಲು. ಇಂದು ಬೆಳೆ ಚೀಲದಲ್ಲಿ ಬರಲಿ, ಬ್ಯಾಂಕಿನ ಖಾತೆಗೆ ಹಣವಾಗಿ ಬರಲಿ, ಅದರ ಒಂದು ಭಾಗ ಶಾಲೆಗೋ, ಮಠದ ಪ್ರಸಾದ ನಿಲಯಕ್ಕೋ, ಊರಿನ ಬಡ ವಿದ್ಯಾರ್ಥಿಗೋ ಸಲ್ಲುವ ವಾಡಿಕೆಯನ್ನು ಮುಂದುವರಿಸಬೇಕು. ಈ ವಾಡಿಕೆ ನಿಂತುಹೋದರೆ ಎಷ್ಟು ಭದ್ರವಾದ ಕಣಜವೂ ಬರಿಯ ಮರದ ಪೆಟ್ಟಿಗೆಯಾಗಿ ಉಳಿದೀತು.

ನಮ್ಮ ಹಿರಿಯರು ವಾಸದ ಮನೆಗೆ ಹೆಂಚು ಹೊದಿಸುವುದಕ್ಕೆ ಮುನ್ನ ದನಗಳ ಮನೆಗೆ ಹೊದಿಸಿದ ಉದಾಹರಣೆಗಳುಂಟು. ತಮಗಾಗಿ ದುಡಿಯುವ ಜೀವಗಳಿಗೂ ಇನ್ನೂ ಹುಟ್ಟದ ಮೊಮ್ಮಕ್ಕಳಿಗೂ ಮೊದಲು ಆಸರೆ ಕಲ್ಪಿಸಿ ತಾವು ಆಮೇಲೆ ಸುಖ ಬಯಸಿದವರು ಅವರು. ಅವರ ಕೊಟ್ಟಿಗೆ, ಕಣಜಗಳನ್ನು ಹೊಂದಿರುವ ಮನೆಗಳು ಭಾಗ್ಯಶಾಲಿಗಳು. ಅವು ಈಗಾಗಲೇ ಬಿದ್ದುಹೋಗಿರುವ ಮನೆಗಳೂ ನಿರಾಶರಾಗಬೇಕಿಲ್ಲ. ಒಂದು ಸೇರು ಬೀಜ, ಒಂದು ಹಸು, ಒಂದು ಪಾಲು ದಾನ ಇವುಗಳಿಂದ ಒಕ್ಕಲುತನದ ಧರ್ಮವನ್ನು ಈ ವರ್ಷವೇ ಮತ್ತೆ ಆರಂಭಿಸಬಹುದು. ಬರುವ ಸುಗ್ಗಿಯಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಮಕ್ಕಳ ಕೈಗೆ ಕೊಟ್ಟು, ‘ಲಾಭ’ ಎಂದು ಅವರಿಂದಲೇ ಎಣಿಸಿ, ಆ ಕೊಳಗವನ್ನು ಯಾರಿಗೆ ಕೊಡಬೇಕೆಂದು ಅವರನ್ನೇ ಕೇಳೋಣ.